ಸ್ಮಶಾನಕ್ಕೆ ಜೆಸಿಬಿ ಬಂದ ದಿನ

ಹೋದ ವಾರ ನಮ್ಮ ಹಿತ್ತಲಿಗೆ ಅಂಟಿಕೊಂಡ ಸ್ಮಶಾನಕ್ಕೆ ಜೆಸಿಬಿ ಬಂತು. ಸದ್ದು ಕೇಳಿದ್ದೇ ತಡ, ಅಡುಗೆಮನೆಯಲ್ಲಿದ್ದ ನಮ್ಮ ಅತ್ತೆ ಸೌಟು ಹಿಡಿದುಕೊಂಡೇ ಓಡಿದರು!

ಚನ್ನರಾಯಪಟ್ಟಣದ ಅಂಚಿನಲ್ಲಿ ನಮ್ಮ ಹೊಲ, ಮನೆ. ಪಕ್ಕದಲ್ಲೇ ಸ್ಮಶಾನ. ನೋಡಿಕೊಳ್ಳಿ ಅಂತ ನಮ್ಮವರಿಗೆ ಯಾರೂ ಹೇಳಿದ್ದಲ್ಲ. ದನ ನುಗ್ಗಿ ಗೋರಿ ತುಳಿಯುತ್ತವೆ ಅಂತ ಮಾವ ಯಾವತ್ತೋ ಮುಳ್ಳುಬೇಲಿ ಹಾಕಿದರಂತೆ. ಬೇಲಿ ಹಾಕಿದ ಮೇಲೆ ಕೈಬಿಡಲಾಗುತ್ತದೆಯೇ? ಮಳೆಗೆ ಕುಸಿದ ಗುಡ್ಡೆಗೆ ಮಣ್ಣು, ಬೇಸಿಗೆಯಲ್ಲಿ ಹೊಂಗೆ ಗಿಡಕ್ಕೆ ನೀರು. ನನ್ನ ಗಂಡ ಪಿಯುಸಿ ಪರೀಕ್ಷೆಗೆ ಓದಿದ್ದೇ ಅಲ್ಲಿ. (ಅಷ್ಟು ಸೈಲೆಂಟ್ ಆದ ಲೈಬ್ರರಿ ಇನ್ನೆಲ್ಲಿ ಸಿಗಬೇಕು?)

ತೊಂಬತ್ತರ ದಶಕದಲ್ಲಿ ಸೊಸೆಯಾಗಿ ಬಂದ ನನಗೆ ಹಿತ್ತಲ ಬಾಗಿಲು ತೆಗೆಯಲೂ ಭಯ. ಮಾವ ತೀರಿಕೊಂಡ ಮೇಲೆ ಅತ್ತೆ ಒಬ್ಬರೇ ಕುಡುಗೋಲು ಹಿಡಿದು ಅಲ್ಲಿ ಕಳೆ ಕೊಯ್ಯುವುದನ್ನು ನೋಡಿ ನೋಡಿ ಭಯ ಹೋಯಿತು.

ಈಗ ರಸ್ತೆ ಅಗಲ ಮಾಡುತ್ತಿದ್ದಾರೆ. ದೊಡ್ಡವರ ಗೋರಿಗಳಿಗೆ ಮಕ್ಕಳು ಮೊಮ್ಮಕ್ಕಳಿದ್ದರು, ಬಂದು ಬೇರೆಡೆಗೆ ಸಾಗಿಸಿದರು. ಆದರೆ ರಸ್ತೆಯಂಚಿನ ಮೂಲೆ ಎಳೆಗೂಸುಗಳದ್ದು. ಸುಡುವ ಪದ್ಧತಿಯವರೂ ಹಾಲುಗೂಸನ್ನು ಹೂಳುತ್ತಾರಲ್ಲ? ಅವಕ್ಕೆ ಕಲ್ಲಿಲ್ಲ. ಹೆಸರು ಕೆತ್ತೋಣವೆಂದರೆ ಹೆಸರಿಟ್ಟೇ ಇಲ್ಲ.

“ವಸಿ ನಿಲ್ಸು ಮಗಾ! ಅಲ್ಲಿ ಎಳೆಕೂಸುಗಳವೆ ಕಣಪ್ಪಾ!” ಅತ್ತೆ ಕೂಗಿದರು.

ಡ್ರೈವರ್ ಎಂಜಿನ್ ಆಫ್ ಮಾಡಿದ. “ನಂಗೇನ್ ಗೊತ್ತವ್ವಾ? ರೋಡ್ ಮಾಡು ಅಂದ್ರು, ಬಂದೆ,” ಎನ್ನುತ್ತಾ ಕೆಳಗಿಳಿದು, ಚಪ್ಪಲಿ ಬಿಟ್ಟು ನಿಂತ. “ಮಿಷನ್ ಬ್ಯಾಡ ಬುಡಿ. ಗುದ್ದಲಿ ಇದ್ರೆ ಕೊಡಿ.”

ಅತ್ತೆ, ಮಾವನ ಹಳೆಯ ಪಂಚೆಗಳನ್ನು ಹರಿದು ಸಣ್ಣ ಸಣ್ಣ ಬಟ್ಟೆ ಮಾಡಿದರು. ಸ್ಮಶಾನದೊಳಗಿನ ಹೊಂಗೆ ಮರದಡಿ ಹೊಸ ಗುಂಡಿಗಳನ್ನು ತೋಡಿದ್ದಾಯಿತು.

ಅಷ್ಟರಲ್ಲಿ ಬಸ್ಸಿಳಿದು ಒಬ್ಬ ಹೆಂಗಸು ಬಂದರು. ಶಾಂತಿಗ್ರಾಮದವರು, ನಡುವಯಸ್ಸು. ಹಿಂದೆ ನಮ್ಮೂರ ಆಸ್ಪತ್ರೆಯಲ್ಲಿ ಚೊಚ್ಚಲ ಹೆರಿಗೆಯಾಗಿ, ಕೂಸು ಉಳಿಯದೆ, ಇಲ್ಲೇ ಮಣ್ಣು ಮಾಡಿದ್ದರಂತೆ. ಬಾಣಂತಿಯನ್ನು ಸ್ಮಶಾನಕ್ಕೆ ಯಾರು ಕರೆತರುತ್ತಾರೆ? ಜಾಗ ಕಂಡಿದ್ದ ಗಂಡ ಈಗಿಲ್ಲ. ರಸ್ತೆಯ ಸುದ್ದಿ ಕೇಳಿ ಓಡಿ ಬಂದಿದ್ದರು.

“ನನ್ ಮಗೀನ ಎಲ್ಲಿ ಮಡಗವ್ರೆ ಅಕ್ಕಾ?”

ಯಾವುದೋ ಒಂದನ್ನು ತೋರಿಸಿಬಿಡಿ, ಸಮಾಧಾನವಾಗಲಿ ಎಂದು ನಾನು ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿದೆ. ಅತ್ತೆ ಬೇಡವೆಂದು ತಲೆಯಾಡಿಸಿದರು.

“ಗೊತ್ತಿಲ್ಲ ಕಣವ್ವಾ. ನಿಂಗೆ ಸುಳ್ಳೇಳಕಿಲ್ಲ.”

ಆಕೆ ಅಲ್ಲೇ ಕುಸಿದು ಕೂತರು. ಅಳಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಸೆರಗು ಬಿಗಿದುಕೊಂಡರು.

“ಅಂಗಾರೆ ಎಲ್ಲಾವ್ನೂ ನಾನೇ ಎತ್ಕಂಡೋಯ್ತೀನಿ. ಅದ್ರಲ್ಲಿ ನಂದೂ ಇರ್ತದಲ್ಲ.”

ಡ್ರೈವರ್ ಮೆಲ್ಲಗೆ ಅಗೆದ. ಬಹುತೇಕ ಕಡೆ ಸಿಕ್ಕಿದ್ದು ಬರೀ ಮಣ್ಣು. ಒಂದು ಕಡೆ ಕರಿಮಣಿ, ಇನ್ನೊಂದು ಕಡೆ ಪುಟ್ಟ ಬಳೆಯ ಚೂರು. ಅತ್ತೆ ಬಟ್ಟೆಯಲ್ಲಿ ಸುತ್ತಿ ಆಕೆಯ ಮಡಿಲಿಗೆ ಇಟ್ಟರು. ಆಕೆ ಹೊಂಗೆಯಡಿಗೆ ಹೋಗಿ ಮಲಗಿಸಿ, ಮತ್ತೆ ಬಂದು ಮಡಿಲೊಡ್ಡಿದರು.

“ಮಂಕ್ರಿ ತರ್ಲಾ ಅವ್ವಾ? ಒಂದೇ ಸಲಕ್ಕೆ ಆಯ್ತದೆ,” ಎಂದ ಡ್ರೈವರ್.

“ಕೂಸುಗಳ್ನ ಮಂಕ್ರೀಲಿ ಒಯ್ತಾರೇನಪ್ಪಾ?”

ಅವನು ಮತ್ತೆ ಗುದ್ದಲಿ ಎತ್ತಿಕೊಂಡ. ಬರೀ ಮಣ್ಣಿದ್ದ ಗಂಟನ್ನೂ ಆಕೆ ತೋಳಲ್ಲಿ ತೂಗುತ್ತಾ ನಡೆಯುತ್ತಿದ್ದರು! ಯಾರ ಕೂಸು, ಯಾವ ಜಾತಿಯದ್ದು, ಯಾವ ಊರಿನದು? ಆಕೆ ಕೇಳಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದವರು ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆದು ನಿಂತರು. ನಾನೂ ಕೈಮುಗಿದೆ. ದೇವಸ್ಥಾನದಲ್ಲೂ ಹಾಗೆ ಕೈಮುಗಿದು ನಿಂತವಳಲ್ಲ ನಾನು.

ಸಂಜೆಗೆ ಎಲ್ಲ ಮುಗಿಯಿತು. ಅತ್ತೆ ಬಾವಿಕಟ್ಟೆಯಲ್ಲಿ ಆಕೆಯ ಕೈಕಾಲಿಗೆ ನೀರೆರೆದು, ಊಟಕ್ಕೆ ಕೂರಿಸಿದರು. “ಇನ್ಮ್ಯಾಕೆ ಜಾಗ ಗೊತ್ತಾಯ್ತಲ್ಲ, ಬತ್ತಾ ಇರು,” ಎಂದರು. ಆಕೆ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತರು.

ಹಾಸನದ ಬಸ್ಸಿಗೆ ಹತ್ತಿಸಿ ಬಂದೆ. ಬಸ್ಸು ತುಂಬಿತ್ತು. ಆಕೆ ಕಂಬಿ ಹಿಡಿದು ನಿಂತೇ ಹೋದರು. ಎದ್ದು ಸೀಟು ಬಿಟ್ಟುಕೊಡಬೇಕಾದಂಥವರು ಹತ್ತಿದ್ದಾರೆಂದು ಒಳಗೆ ಕೂತವರಿಗೆ ಹೇಗೆ ಗೊತ್ತಾಗಬೇಕು?