ಡಬ್ಬಿ ಕಾಫಿಯೂ ಕಜೆಟನ್ ಲೋಬೋರ ನಾಲಗೆಯೂ

ಕಜೆಟನ್ ಲೋಬೋ ಅವರ ಬಾಯಿಗೆ ಹೋದ ಕಾಫಿಯಲ್ಲಿ ಮುಕ್ಕಾಲು ಪಾಲು ಹೊಟ್ಟೆಗೆ ಇಳಿದದ್ದೇ ಇಲ್ಲ. ಹೊಳೆಬದಿಯ ಕಾಫಿ ವರ್ಕ್ಸ್ ಒಂದರಲ್ಲಿ ಮೂವತ್ತೆರಡು ವರ್ಷ ಅವರು ಮಾಡಿದ್ದು ರುಚಿ ನೋಡುವ ಕೆಲಸ. ಘಟ್ಟದ ತೋಟಗಳಿಂದ ಬಂದ ಬೀಜವನ್ನು ಹುರಿದು, ಪುಡಿಮಾಡಿ, ಬಿಸಿನೀರು ಹೊಯ್ದು ಸಾಲಾಗಿ ಇಟ್ಟರೆ, ಇವರು ಚಮಚದಿಂದ ಸುರ್ರೆಂದು ಎಳೆದು, ಬಾಯಲ್ಲಿ ಒಂದು ಸುತ್ತು ತಿರುಗಿಸಿ, ಪೀಕದಾನಿಗೆ ಉಗುಳುವರು. ಆಮೇಲೆ ತೀರ್ಪು. ಇದಕ್ಕೆ ಗೋಣಿಯ ವಾಸನೆ ಹಿಡಿದಿದೆ, ಇದು ಒಣಗುವಾಗ ಮಳೆಗೆ ಸಿಕ್ಕಿದೆ, ಇದರಲ್ಲಿ ಎರಡು ತೋಟದ್ದು ಬೆರೆಸಿದ್ದಾರೆ.

ಯಾವ ಕಪ್‌ನಲ್ಲಿ ಯಾರ ಬೀಜ ಎಂದು ಅವರಿಗೆ ತಿಳಿಯಬಾರದು. ಅದಕ್ಕೇ ಬೇರೆಯವರು ಒಳಗೆ ಕಪ್‌ಗಳನ್ನು ತುಂಬಿಸಿ ಸಾಸರಿನ ಅಡಿಯಲ್ಲಿ ಚೀಟಿ ಇಡುತ್ತಿದ್ದರು. ಜೊತೆಗೆ ಹೇಳದೆ ಕೇಳದೆ ಒಂದು ಹೆಚ್ಚಿನ ಕಪ್ ಸೇರಿಸುವ ಪದ್ಧತಿಯೂ ಇತ್ತು. ಅದು ಬೀಜಕ್ಕಲ್ಲ, ನಾಲಗೆಗೆ ಇಟ್ಟ ಪರೀಕ್ಷೆ. ಅದರಲ್ಲಿ ಕಜೆಟನ್ ಒಂದು ಸಲವೂ ಸೋತವರಲ್ಲ, ಮತ್ತು ಆ ಸಂಗತಿಯನ್ನು ಅವರ ಮನೆಯಿದ್ದ ಮಣ್ಣಗುಡ್ಡೆಯಲ್ಲಿ ಕೇಳದವರೂ ಇಲ್ಲ.

ಹೊಟ್ಟೆಪಾಡಿನ ಸಂಶಯ ಮೆಲ್ಲಗೆ ಮನೆಗೂ ಬಂತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರಲ್ಲ, ಇವರು ಹಾಲನ್ನೂ ಹಾಲೆಂದು ನಂಬಿದವರಲ್ಲ. ಇಗರ್ಜಿಯಲ್ಲಿ ಪಾದ್ರಿಗಳ ಪ್ರಸಂಗ ಐದು ನಿಮಿಷ ಉದ್ದವಾದರೆ, "ಎಂತದೋ ಮುಚ್ಚುತ್ತಿದ್ದಾರೆ" ಎಂದು ಹೆಂಡತಿ ಬರ್ನಡೆಟ್‌ಳ ಕಿವಿಯಲ್ಲಿ ಹೇಳುವರು. ಅಷ್ಟರಲ್ಲೇ ನಿಂತಿದ್ದರೆ ನಗಬಹುದಿತ್ತು. ಆದರೆ ಈ ನಾಲಗೆ ಮಗಳು ಕಾರ್ಮಿನ್‌ಳ ಮದುವೆಯನ್ನು ಮೂರು ಸಲ ಮುರಿದಿತ್ತು.

ಮೊದಲನೆಯ ಗಂಡಿನ ಮನೆಯಲ್ಲಿ ಕಾಫಿಗೆ ಚಿಕೋರಿ ಬೆರೆಸಿದ್ದರು. ಕಜೆಟನ್ ಒಂದು ಗುಟುಕು ಎಳೆದು, ಅಭ್ಯಾಸಬಲದಿಂದ ಪಕ್ಕದ ಹೂಕುಂಡಕ್ಕೆ ಉಗುಳಿದರು. ಕಾಫಿಯಲ್ಲಿ ಬೆರಕೆ ಮಾಡುವವರು ಮಾತಿನಲ್ಲೂ ಮಾಡುತ್ತಾರೆ ಎಂದು ಎದ್ದು ಬಂದರು. ಎರಡನೆಯವರದು ನಿನ್ನೆಯ ಡಿಕಾಕ್ಷನ್. ಮೂರನೆಯವರ ಕಾಫಿ ಬಹಳ ಚೆನ್ನಾಗಿತ್ತು. ಅದೇ ತಪ್ಪಾಯಿತು. "ನಮಗೆ ತೋರಿಸಲಿಕ್ಕೆಂದು ಸಾಲ ತಂದ ಪುಡಿ" ಎಂದರು. ಮೊಸರಲ್ಲಿ ಕಲ್ಲು ಹುಡುಕುವುದೆಂದರೆ ಇದು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಕಾರ್ಮಿನ್‌ಗೆ ಅಷ್ಟು ಹೊತ್ತಿಗೆ ಇಪ್ಪತ್ತೊಂಬತ್ತು ತುಂಬಿತ್ತು.

ನಾಲ್ಕನೆಯವನು ಯೂಸ್ಟೇಸ್. ೧೯೮೪ರ ಮೇ ತಿಂಗಳು. ಬಹರೈನ್‌ನಲ್ಲಿ ಒಂದು ಅಂಗಡಿಯ ಸ್ಟೋರ್‌ಕೀಪರ್ ಆಗಿದ್ದವನು ರಜೆಯಲ್ಲಿ ಬಂದಿದ್ದ. ತಾಯಿ ಎಸ್ತೆರ್‌ಬಾಯಿ ಆಸ್ಪತ್ರೆಯಲ್ಲಿದ್ದಾಗ ಕಾರ್ಮಿನ್‌ಳನ್ನು ಕಂಡು ಮೆಚ್ಚಿದ್ದ. ಕಾರ್ಮಿನ್ ಈ ಸಲ ಬಾಯಿಬಿಟ್ಟೇ ಹೇಳಿದಳು: "ಪಪ್ಪಾ, ನನಗೆ ಇವರೇ ಆಗಬೇಕು. ಇದೂ ಹೋದರೆ ಇನ್ನು ಯಾರನ್ನೂ ಕರೀಬೇಡಿ."

ಯೂಸ್ಟೇಸ್ ಉಡುಗೊರೆಗೆಂದು ನಾಲ್ಕು ಬಗೆಯ ನಾಲ್ಕು ತಗಡಿನ ಡಬ್ಬಿ ತಂದಿದ್ದ. ಒಳಗಿದ್ದದ್ದು ಹಾಲು, ಸಕ್ಕರೆ ಎಲ್ಲ ಹಾಕಿ ತಯಾರಾದ ಕಾಫಿ.

"ತಣ್ಣಗೆ ಹಾಗೇ ಕುಡಿಯುವುದು ಅಂಕಲ್."

ಕಜೆಟನ್ ಡಬ್ಬಿಯನ್ನು ಕಿವಿಯ ಬಳಿ ಅಲ್ಲಾಡಿಸಿದರು, ಬುಡ ಮೇಲೆ ಮಾಡಿದರು, ಮೂಸಿದರು. ತಗಡಿನ ವಾಸನೆಯಲ್ಲದೆ ಏನೂ ಇಲ್ಲ. "ಕಾಫಿಗೆ ಸೀಲ್ ಎಂತಕ್ಕೆ ಮಾರಾಯ? ಮುಚ್ಚಿಡುವಂಥದ್ದು ಎಂತ ಉಂಟು ಅದರಲ್ಲಿ?" ಎಂದರು. ಹುಡುಗ ನಕ್ಕ. ಆ ನಗುವಿನ ಮೇಲೂ ಅವರಿಗೆ ಅನುಮಾನ ಬಂತು. ಇವನು ಅಂಗಡಿ ನೋಡಿಕೊಳ್ಳುವವನೋ, ಅಂಗಡಿ ಗುಡಿಸುವವನೋ? ಮಾರಾಟವಾಗದ ಮಾಲನ್ನು ಮಾವನ ತಲೆಗೆ ಕಟ್ಟುತ್ತಿದ್ದಾನೋ? ಆದಿತ್ಯವಾರ ಪೂಜೆ ಮುಗಿಸಿ ತಾಯಿ-ಮಗ ಬರಲಿ, ಎಲ್ಲರ ಎದುರೇ ರುಚಿ ನೋಡಿ ಉತ್ತರ ಹೇಳುತ್ತೇನೆ ಎಂದರು.

ಆದಿತ್ಯವಾರ ಚಾವಡಿಯ ಮೇಜಿನ ಬಳಿ ವರ್ಕ್ಸ್‌ನ ಹಳೆಯ ಪೀಕದಾನಿಯೂ ಬಂತು. ಕಪ್ ತುಂಬಿಸುವ ಕೆಲಸ ಕಾರ್ಮಿನ್‌ಳದು. ಪದ್ಧತಿಯನ್ನು ಅವಳಿಗೆ ಕಲಿಸಿದವರು ಅಪ್ಪನೇ. ಅಡುಗೆಮನೆಯಿಂದ ಬರ್ನಡೆಟ್ ಪಿಸುಗುಟ್ಟಿದ್ದು ಕೇಳಿಸಿತು: "ಬೇಡ ಮಗಾ, ಬೇಡ." ಕಜೆಟನ್‌ರ ಕಿವಿ ನೆಟ್ಟಗಾಯಿತು. ಹುಡುಗನ ಪರವಾಗಿ ಒಳಗೆ ಏನೋ ನಡೆಯುತ್ತಿದೆ.

ಬಂದದ್ದು ಐದು ಕಪ್. ಡಬ್ಬಿ ನಾಲ್ಕೇ. ಒಂದನ್ನು ಎರಡು ಸಲ ಇಟ್ಟಿದ್ದಾಳೆ ಎಂದುಕೊಂಡು ಅವರು ಮಗಳ ಜಾಣತನಕ್ಕೆ ಹೆಮ್ಮೆಪಟ್ಟರು.

ಮೊದಲನೆಯದನ್ನು ಎಳೆದು ಉಗುಳಿದರು. "ಹಾಲಿನ ಪುಡಿ." ಎರಡನೆಯದು, "ತಗಡು." ಮೂರನೆಯದು, "ಬರೀ ಸಕ್ಕರೆ ಪಾಕ. ಕಾಫಿ ಹೊರಗೆ ನಿಂತು ಇಣುಕಿ ಹೋಗಿದೆ." ನಾಲ್ಕನೆಯದನ್ನು ಎರಡು ಸಲ ಎಳೆದು ನೋಡಿದರು. ಬೀಜ ಒಳ್ಳೆಯದೇ ಇತ್ತು. ಅದನ್ನು ಅವರಿಂದ ಸಹಿಸಲಾಗಲಿಲ್ಲ. "ಪರವಾಗಿಲ್ಲ" ಎಂದು ಗೊಣಗಿದರು.

ಐದನೆಯದು ನಾಲಗೆ ಮುಟ್ಟಿದ್ದೇ ತಡ, ಮುಖ ಅರಳಿತು. ಎರಡು ಸಲ ಇಟ್ಟದ್ದು ಯಾವುದೆಂದು ಹುಡುಕುವುದೇ ಮರೆತುಹೋಯಿತು.

"ಚಿಕೋರಿ! ನೂರಕ್ಕೆ ಮೂವತ್ತು. ಕಡಿಮೆ ಅಲ್ಲ, ಹೆಚ್ಚೇ ಉಂಟು. ಅದನ್ನು ಮುಚ್ಚಲಿಕ್ಕೆ ಬೀಜವನ್ನು ಹುರಿದು ಕರಿ ಮಾಡಿದ್ದಾರೆ." ಉಗುಳಿ ಎದ್ದು ನಿಂತರು. "ನೋಡಿ ಎಸ್ತೆರ್‌ಬಾಯಿ, ಈ ಕೆಲಸ ಮಾಡಿದ ಕೈಗೆ ಮೋಸ ಮಾಡಿ ಅಭ್ಯಾಸ ಉಂಟು. ಇಂಥದ್ದನ್ನು ಮೆಚ್ಚಿ ತರುವ ಮನೆಗೆ ನಾನು ಹೆಣ್ಣು ಕೊಡುವುದಿಲ್ಲ."

ಎಸ್ತೆರ್‌ಬಾಯಿಯ ಮುಖ ಕೆಂಪಾಯಿತು. ಯೂಸ್ಟೇಸ್ ತಲೆತಗ್ಗಿಸಿದ. ಕಾರ್ಮಿನ್ ಮಾತ್ರ ಅಲುಗಲಿಲ್ಲ.

"ಚೀಟಿ ನೋಡಿ ಪಪ್ಪಾ."

ಸಾಸರ್ ಎತ್ತಿದರು. ಚೀಟಿಯಲ್ಲಿ 'ನಮ್ಮ ಮನೆ' ಎಂದಿತ್ತು.

"ಬೆಳಗ್ಗೆ ನೀವು ಕುಡಿದ ಕಾಫಿಯೇ. ತಣ್ಣಗೆ ಮಾಡಿ ಇಟ್ಟೆ."

"ಸುಳ್ಳು! ಬೀಜ ನಾನೇ ಆರಿಸಿ ತಂದದ್ದು."

ಬರ್ನಡೆಟ್ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಬೀಜ ನೀವು ತಂದದ್ದೇ. ಹುರಿಸಿ ಪುಡಿ ಮಾಡಿಸುವುದು ನಾನಲ್ಲವಾ? ಬಂದವರಿಗೆಲ್ಲ ನಮ್ಮ ಶುದ್ಧ ಕಾಫಿ ಕುಡಿದು ಹೋಗಿ ಅಂತೀರಿ. ತಿಂಗಳ ಇಪ್ಪತ್ತನೇ ತಾರೀಕಿಗೇ ಬೀಜ ಮುಗೀತದೆ. ಇನ್ನೆಂತ ಮಾಡಲಿ? ಮದುವೆಯಾದ ವರ್ಷದಿಂದ ಚಿಕೋರಿ ಹಾಕ್ತಾ ಇದ್ದೇನೆ."

"ಮೂವತ್ತು ವರ್ಷ ನನಗೆ ಗೊತ್ತಾಗಲಿಲ್ಲವಾ?"

"ಮನೆಯಲ್ಲಿ ನೀವು ರುಚಿ ನೋಡಲಿಲ್ಲ. ಕುಡಿದಿರಿ."

ಕಜೆಟನ್ ಕುಳಿತರು. ನಂಬದೆ ಇನ್ನೊಂದು ಚಮಚ ಎಳೆದು ಬಾಯಲ್ಲೇ ಇಟ್ಟುಕೊಂಡರು. ಚಿಕೋರಿಯೇ, ಸಂಶಯವಿಲ್ಲ. ಆದರೆ ಅದರ ಹಿಂದಿನಿಂದ ಪ್ರತಿ ಬೆಳಗಿನ ಕಾಫಿ ಬಂತು. ಕಾರ್ಮಿನ್ ಹುಟ್ಟಿದ ದಿನ ಕುಡಿದದ್ದು ಇದೇ. ಮೊದಲನೆಯ ಗಂಡನ್ನು ಬೇಡವೆಂದು ಬಂದು, ಬಾಯಿ ಶುದ್ಧವಾಗಲಿ ಎಂದು ಮನೆಯಲ್ಲಿ ಎರಡು ಲೋಟ ಕುಡಿದದ್ದೂ ಇದೇ. ಅವರಿಗೆ ನಾಚಿಕೆಯಾಯಿತು. ಮಗಳ ಕಳೆದುಹೋದ ವರ್ಷಗಳು ನೆನಪಾದವು.

ಬರ್ನಡೆಟ್ ಅಭ್ಯಾಸದಂತೆ ಪೀಕದಾನಿಯನ್ನು ಹತ್ತಿರ ಸರಿಸಿದಳು. ಕಜೆಟನ್ ಅದನ್ನು ಕಾಲಿನಿಂದ ಮೇಜಿನಡಿಗೆ ದೂಡಿ, ಬಾಯಲ್ಲಿದ್ದುದನ್ನು ನುಂಗಿದರು. ಆಮೇಲೆ ಕಪ್ ಎತ್ತಿ ಉಳಿದದ್ದನ್ನೂ ಕುಡಿದರು.

"ಯೂಸ್ಟೇಸ್, ಮುಂದಿನ ರಜೆ ಯಾವಾಗ ಸಿಗ್ತದೆ ನಿನಗೆ? ಪಾದ್ರಿಗಳಿಗೆ ಮದುವೆಯ ದಿನ ಹೇಳಬೇಕಲ್ಲ" ಎಂದು ಕೇಳಿದರು.