ಮಾವನ ವಿಮಾನಕ್ಕೆ ಕೂಡಿಬರುವ ಬಣ್ಣ

ನಮ್ಮ ಮಾವ ಹನುಮಂತರಾಯಪ್ಪನವರು ಆಯುಷ್ಯವೆಲ್ಲ ವಿಜಯಪುರ–ದೇವನಹಳ್ಳಿ ಬಸ್ಸು ಓಡಿಸಿ ನಿವೃತ್ತರಾದವರು. ಅವರ ಹೊಲವಿದ್ದ ಕಡೆ ಈಗ ವಿಮಾನಗಳು ಇಳಿಯುತ್ತವೆ. ವಿಮಾನ ಹತ್ತುವ ಆಸೆ ಅವರಿಗೆ ಯಾವತ್ತೂ ಇರಲಿಲ್ಲ. ಆದರೆ ಕಂಪ್ಯೂಟರಿನಲ್ಲಿ ವಿಮಾನ ಓಡಿಸುವ ಆಟವೊಂದಿದೆ, ಅದಕ್ಕೆ ಯಾರೋ ಪುಣ್ಯಾತ್ಮರು ಹಳೆಯ ಉಪಗ್ರಹ ಚಿತ್ರ ಜೋಡಿಸಿ ವಿಮಾನ ನಿಲ್ದಾಣ ಬರುವ ಮುಂಚಿನ ನೆಲವನ್ನು ಹಾಗೇ ಮಾಡಿಟ್ಟಿದ್ದಾರೆ ಎಂದು ನಾನು ಹೇಳಿದ ದಿನದಿಂದ ಅವರಿಗೆ ಒಂದೇ ಹಂಬಲ. ಮೇಲಿಂದ ಒಂದು ಸಲ ತಮ್ಮ ಬಾವಿ, ಹುಣಸೆಮರ ನೋಡಬೇಕು.

ನಾನು ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು. ನಮ್ಮ ಯಜಮಾನರು ಬೀರೇಶ್, "ಟೀವಿಗೆ ಸಿಗಿಸೋ ಗೇಮ್ ಬಾಕ್ಸ್ ಸಾಕು ಕಣೇ" ಅಂದರು. ಅದಕ್ಕೆ ಈ ಹಳೇ ನೆಲ ಹಾಕಲಾಗದು, ಕಂಪ್ಯೂಟರೇ ಬೇಕು, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಮೆಮೊರಿ ಜಾಸ್ತಿ ಇರಬೇಕು, ಇಲ್ಲದಿದ್ದರೆ ನೆಲವೆಲ್ಲ ಕಲಸಿಹೋಗುತ್ತದೆ ಎಂದು ಬಾಯಿ ನೋಯುವಷ್ಟು ಹೇಳಿ, ಒಂದು ಕಾರ್ಡನ್ನೂ ಆರಿಸಿಟ್ಟೆ. ಅದು ಕೆಂಪು ಬಣ್ಣದ್ದು.

ಅಲ್ಲಿಗೆ ಕೆಟ್ಟಿತು. ಅತ್ತೆ ಅಶ್ವತ್ಥಮ್ಮ, ಹೊಸ ಗಾಡಿ ಕೊಳ್ಳುವಾಗ ಕೇಳುವ ಹಾಗೆ, ಶಾಸ್ತ್ರಿಗಳ ಹತ್ತಿರ ಬಣ್ಣ ಕೇಳಿಕೊಂಡು ಬಂದರು.

"ಆಟಕ್ಕಾದ್ರೂ ಓಡ್ಸೋದು ಓಡ್ಸೋದೇ ಅಲ್ವೇನಮ್ಮ. ನಿಮ್ಮಾವನ ರಾಶಿಗೆ ಕೆಂಪು ಕೂಡ್ಬರಲ್ವಂತೆ. ಬಿಳೀದೇ ಆಗ್ಬೇಕಂತೆ."

"ಅತ್ತೆ, ಅದು ಪೆಟ್ಟಿಗೆ ಒಳಗಿರುತ್ತೆ. ಯಾರಿಗೂ ಕಾಣಲ್ಲ."

"ಗ್ರಹಕ್ಕೆ ಕಾಣಲ್ವಾ?"

ಯಜಮಾನರಿಗೆ ಇಷ್ಟೇ ಸಾಕಾಯಿತು. ಅಂಗಡಿಯಲ್ಲಿದ್ದ ಒಂದೇ ಒಂದು ಬಿಳಿ ಕಾರ್ಡಿಗೆ ಮೆಮೊರಿ ಅರ್ಧವೂ ಇರಲಿಲ್ಲ. ಅದನ್ನೇ ಹಾಕಿಸಿ, ಪೆಟ್ಟಿಗೆ ತುಂಬ ಬಣ್ಣದ ದೀಪ ಜೋಡಿಸಿಕೊಂಡು ತಂದರು. ಮದುವೆಮನೆ ಸೀರಿಯಲ್ ಸೆಟ್ಟಿನಂತೆ ಅದು ಮಿಣಮಿಣ ಅನ್ನುವುದನ್ನು ಕಂಡು ನನಗೆ ಹೇಸಿಗೆಯಾಯಿತು. ಅದಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಬೇರೆ ಕಟ್ಟಿದರು. ಥೂ, ಇವರ ಬುದ್ಧಿಗಿಷ್ಟು.

ಮಾವ ಹಳೇ ಖಾಕಿ ಶರಟು ತೊಟ್ಟು ಕೂತರು. ವಿಮಾನ ಎದ್ದಿತು. ಹೊಲದ ಮೇಲೆ ಬರುವ ಹೊತ್ತಿಗೆ ಚಿತ್ರ ತಡೆತಡೆದು ನಿಲ್ಲತೊಡಗಿತು. ಕೆಳಗೆ ಬರೀ ಹಸಿರು, ಕಂದು ರಾಡಿ. ಬಾವಿಯಿಲ್ಲ, ಮರವಿಲ್ಲ. ಯಜಮಾನರು ಅತ್ತ ದೀಪದ ಬಣ್ಣ ಬದಲಾಯಿಸುತ್ತಿದ್ದರು. ಅವರ ಮುಖ ನೋಡಲೂ ನನಗೆ ಅಸಹ್ಯವಾಯಿತು.

"ಮಾವ, ಇದನ್ನ ವಾಪಸ್ ಕೊಟ್ಟು ಕೆಂಪುದೇ ತರೋಣ" ಅಂದೆ.

ಮಾವ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಬೇಡ ಬಿಡಮ್ಮ. ಜಾಗ ತಗೊಂಡೋರ್ಗೂ ಮೇಲಿಂದ ನಮ್ಮೂರು ಹಿಂಗೇ ಕಂಡಿರ್ಬೇಕು. ಬಾವಿ ಕಂಡಿದ್ರೆ ಮುಚ್ತಿರ್ಲಿಲ್ಲ."