ಟ್ರೇಲರಿನ ದೀಪ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ಕೇಳುತ್ತಿದ್ದೆ, ನಂಬುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಓದಿದವಳು. ಪಾಪ, ನಿದ್ದೆ ಸಾಲದೆ ಹೋಗಿರಬೇಕು, ಇಲ್ಲವೇ ಜ್ವರ ಬಂದಿರಬೇಕು ಅಂದುಕೊಂಡು ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸುತ್ತಿದ್ದೆ. ನನ್ನ ವಿಷಯದಲ್ಲಿ ನೀವೂ ಹಾಗೇ ಅಂದುಕೊಂಡರೆ ಬೇಸರವಿಲ್ಲ. ಆ ದಿನ ನನಗೆ ಜ್ವರವಿರಲಿಲ್ಲ. ಆಯಾಸವಂತೂ ಇತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಯಜಮಾನರು ಹಳ್ಳಿ ಸುತ್ತುವ ಸಂಚಾರಿ ಆಸ್ಪತ್ರೆಯ ಡಾಕ್ಟರು. ಆಸ್ಪತ್ರೆ ಎಂದರೆ ಜೀಪಿನ ಹಿಂದೆ ಕಟ್ಟಿದ ಒಂದು ಟ್ರೇಲರ್. ಒಳಗೆ ಮಂಚ, ಔಷಧದ ಬೀರು, ಮಂಚದ ಮೇಲೆ ತಗಡಿನ ಮುಚ್ಚಳದ ಬಲ್ಬು. ಬಲ್ಬಿಗೆ ಟ್ರೇಲರಿನದೇ ಬ್ಯಾಟರಿ. ಜೀಪು ಓಡುವಾಗ ಹಿಂದಕ್ಕೆ ಎಳೆದ ದಪ್ಪ ವೈರಿನಿಂದ ಅದು ಚಾರ್ಜ್ ಆಗುತ್ತಿತ್ತು. ಎಲ್ಲಾದರೂ ಹೆಚ್ಚು ದಿನ ನಿಂತರೆ ಹಿಟ್ಟಿನ ಗಿರಣಿಯವರನ್ನು ಕೇಳಿ ಅವರ ಕರೆಂಟಿಗೆ ಚಾರ್ಜರ್ ಹಾಕುವುದು. ಅದೂ ಇಲ್ಲವಾದರೆ ಜೀಪನ್ನು ನಿಂತಲ್ಲೇ ಸ್ಟಾರ್ಟ್ ಮಾಡಿ ಬಿಡುವುದು. ಇದೆಲ್ಲ ನನಗೆ ಗೊತ್ತಾದದ್ದು ಡ್ರೈವರ್ ಹನುಮಂತಪ್ಪನಿಂದ. ದಾರಿಯುದ್ದಕ್ಕೂ ಅವನಿಗೆ ಬೇರೆ ಮಾತೇ ಇರುತ್ತಿರಲಿಲ್ಲ.

ಆ ಸಲ ನರ್ಸು ದಸರಾ ರಜೆಗೆ ಊರಿಗೆ ಹೋಗಿದ್ದರಿಂದ ನಾನು ಜೊತೆಗೆ ಹೊರಟೆ. ಆಯುಧಪೂಜೆಯ ಮರುದಿನ ಬೆಳಿಗ್ಗೆ ಚಿತ್ರದುರ್ಗ ಬಿಟ್ಟು, ಜವನಗೊಂಡನಹಳ್ಳಿಯ ಹೊರಗೆ ಒಂದು ಬಯಲಿನಲ್ಲಿ ಟ್ರೇಲರ್ ನಿಲ್ಲಿಸಿದೆವು. ದಿನವಿಡೀ ಜನ. ಗಾಯ ತೊಳೆದು, ಸೂಜಿ ಕುದಿಸಿ ನನ್ನ ಸೊಂಟ ಬಿದ್ದುಹೋಗಿತ್ತು. ಊರಿನಲ್ಲಿ ಮಧ್ಯಾಹ್ನವೇ ಕರೆಂಟು ಹೋಗಿತ್ತು. ಸಂಜೆ ಹನುಮಂತಪ್ಪ ಟ್ರೇಲರನ್ನು ಬಿಚ್ಚಿ ನಿಲ್ಲಿಸಿ, ಔಷಧ ತರಲು ಜೀಪಿನಲ್ಲಿ ಹಿರಿಯೂರಿಗೆ ಹೋದ.

ಅವನು ಹೋದ ಸ್ವಲ್ಪ ಹೊತ್ತಿಗೆ ಕುರಿಯವರ ಹಟ್ಟಿಯಿಂದ ಒಂದು ಎತ್ತಿನಗಾಡಿ ಬಂತು. ಗಾಡಿಯಲ್ಲಿ ಕರಿಯಮ್ಮ ಎಂಬ ಹುಡುಗಿ. ಚೊಚ್ಚಲ ಹೆರಿಗೆ, ಹಿಂದಿನ ದಿನದಿಂದ ನೋವು. ಜೊತೆಗೆ ಬಂದ ಅತ್ತೆ ನಮ್ಮ ಯಜಮಾನರನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ರಿ ಡಾಕ್ಟ್ರೇ, ಗಂಡಸ್ರಾಗಿ ನೀವು ಹೆರಿಗೆ ಮಾಡ್ಸಾದಾ?"

"ನೀವೆಷ್ಟು ಕುರಿ ಈಯ್ಸಿದೀರಿ ಅಜ್ಜಿ?"

"ಲೆಕ್ಕ ಯಾರು ಇಟ್ಟಾರೆ ಬಿಡ್ರಿ."

"ಹಂಗಾದ್ರೆ ಇಲ್ಲೇ ನಿಂತ್ಕಳ್ರಿ. ನಾನು ತಪ್ಪಿದ್ರೆ ಬೈರಿ."

ಆಕೆ ನಗಲಿಲ್ಲ. ಸೊಸೆಯ ತಲೆ ಹಿಡಿದುಕೊಂಡು ನಿಂತಳು.

ಕತ್ತಲಾಗುತ್ತ ಬಂತು. ಯಜಮಾನರು ಸ್ವಿಚ್ಚು ಒತ್ತಿದರು, ದೀಪ ಹತ್ತಿತು. ಅದರಲ್ಲಿ ವಿಶೇಷವೇನೂ ನನಗೆ ಕಾಣಲಿಲ್ಲ. ಮಗು ಹುಟ್ಟಿತು, ಅತ್ತಿತು. ಆದರೆ ತಾಯಿಗೆ ರಕ್ತ ನಿಲ್ಲಲಿಲ್ಲ. ಒಳಗೆ ಹರಿದಿತ್ತು, ಹೊಲಿಗೆ ಹಾಕಬೇಕಿತ್ತು. ಅವಳ ತುಟಿ ಬೂದಿಯ ಬಣ್ಣಕ್ಕೆ ತಿರುಗಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಲಾಟೀನಿನ ಮಂಕು ಬೆಳಕು ಆ ಕೆಲಸಕ್ಕೆ ಆಗುತ್ತಿರಲಿಲ್ಲ. ಅಷ್ಟರಲ್ಲಿ ಹೊರಗೆ ಜೀಪು ಬಂದ ಸದ್ದಾಯಿತು.

"ಈ ದೀಪ ಹೋದ್ರೆ ಇವಳು ಉಳಿಯಲ್ಲ. ಜೀಪಿಂದ ಚಾರ್ಜ್ ಕೊಡೋಕೆ ಹೇಳು," ಎಂದರು ಯಜಮಾನರು, ತಲೆಯೆತ್ತದೆ.

ನಾನು ಟಾರ್ಚು ಹಿಡಿದು ಇಳಿದೆ. ಹನುಮಂತಪ್ಪ ಟ್ರೇಲರಿನ ಮುಂದಿದ್ದ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆದ. ಬ್ಯಾಟರಿಯ ಮೇಲೆ ಕುಂಕುಮ, ಬಾಡಿದ ಒಂದು ಚೆಂಡುಹೂವು. ಎರಡು ವೈರುಗಳನ್ನೂ ಕಳಚಿ, ತುದಿಗೆ ಬಟ್ಟೆ ಸುತ್ತಿ, ಪಕ್ಕಕ್ಕೆ ಮಡಿಸಿಟ್ಟಿತ್ತು. ಅವನು ಹಣೆ ಹೊಡೆದುಕೊಂಡ.

"ಅಯ್ಯೋ ಅಮ್ಮಾ! ಪೂಜೆ ದಿನ ಆಯುಧಕ್ಕೆಲ್ಲ ರಜ, ಇದೂ ಒಂದಿನ ಸುಧಾರಿಸ್ಕಳ್ಳಿ ಅಂತ ಬಿಚ್ಚಿಟ್ಟಿದ್ದೆ. ಬೆಳಿಗ್ಗೆ ಜೀಪಿಂದು ಹಾಕ್ದೆ, ಇದ್ರದ್ದು ಮರ್ತೇಬಿಟ್ಟೆ." ಹಾಗೆ ಹೇಳುತ್ತಲೇ ಅವನ ಕಣ್ಣು ಬಾಗಿಲಿನ ಕಡೆ ಹೋಯಿತು. "ಮತ್ತೆ ಒಳಗೆ ದೀಪ ಹೆಂಗೆ ಉರೀತೈತೆ?"

ಬಾಗಿಲ ಸಂದಿಯಿಂದ ಬೆಳಕು ನೆಲಕ್ಕೆ ಬಿದ್ದಿತ್ತು. ಸಣ್ಣ ಕಲ್ಲುಗಳ ನೆರಳೂ ಕಾಣುವಷ್ಟು ಬೆಳಕು.

ಅವನು ವೈರಿಗೆ ಕೈ ಹಾಕಿದ. ನಾನು ಅವನ ಮಣಿಕಟ್ಟು ಹಿಡಿದುಕೊಂಡೆ.

"ಮುಟ್ಟಬೇಡ."

"ಹಾಕ್ತೀನಮ್ಮಾ, ಈಗ್ಲೇ ಆಗೋಗ್ತೈತೆ."

"ಬೇಡ ಹನುಮಂತಪ್ಪ. ಹೊಲಿಗೆ ಮುಗೀಲಿ."

ಸರಿಮಾಡಲು ಹೋದರೆ ದೀಪ ಆರಿಹೋದೀತು ಎಂಬ ಭಯ. ಬುದ್ಧಿಯ ಮಾತಲ್ಲ, ಗೊತ್ತು. ಅವನು ಕೈ ಹಿಂದಕ್ಕೆ ತೆಗೆದ. ಇಬ್ಬರೂ ಪೆಟ್ಟಿಗೆಯ ಮುಂದೆ ಕಾಲು ಮಡಿಸಿ ಕುಳಿತೆವು. ಒಳಗಿನಿಂದ ಯಜಮಾನರು "ಆಯ್ತು, ರಕ್ತ ನಿಂತಿತು" ಎಂದು ಕೂಗುವವರೆಗೂ ನಾವು ಅಲ್ಲಿಂದ ಏಳಲಿಲ್ಲ. ಆಮೇಲೆ ಅವನು ವೈರು ಜೋಡಿಸಿದ. ದೀಪ ಒಂದಿಷ್ಟೂ ಅಲುಗಲಿಲ್ಲ.

ಬೆಳಿಗ್ಗೆ ಕರಿಯಮ್ಮ ಗಂಜಿ ಕುಡಿದಳು. ಅತ್ತೆ, "ಬೈಯಾಕೇನೂ ಸಿಗಲಿಲ್ಲ ಡಾಕ್ಟ್ರೇ" ಎಂದು ಮೊದಲ ಸಲ ನಕ್ಕಳು.

ವಿಷಯ ಹೇಳಿದಾಗ ಯಜಮಾನರು, "ಬೇರೆಲ್ಲೋ ಜೋಡಣೆ ಇರಬೇಕು" ಎಂದರು. ಹನುಮಂತಪ್ಪ ಟ್ರೇಲರಿನ ಅಡಿಯಲ್ಲಿ ಮಲಗಿ ಪ್ರತಿ ವೈರನ್ನೂ ತಡವಿ ನೋಡಿದ. ಬೇರೆ ಜೋಡಣೆ ಇರಲಿಲ್ಲ. ಬ್ಯಾಟರಿಯ ವೈರು ಮತ್ತೆ ಕಳಚಿ ಸ್ವಿಚ್ಚು ಒತ್ತಿದರೆ ದೀಪ ಹತ್ತಲಿಲ್ಲ.

ವರ್ಷಗಳ ಮೇಲೆ ಒಮ್ಮೆ ಯಜಮಾನರನ್ನು ಮತ್ತೆ ಕೇಳಿದೆ. "ನಾನು ದೀಪ ನೋಡಲೇ ಇಲ್ಲ ಕಣೇ. ಸೂಜಿ ತುದಿ ನೋಡ್ತಿದ್ದೆ," ಎಂದರು. ಅವರಿಗೆ ಅಷ್ಟು ಸಾಕಿತ್ತು. ಹೊರಗೆ ಕುಳಿತು ಆ ವೈರುಗಳನ್ನೇ ನೋಡುತ್ತಿದ್ದವಳು ನಾನು. ಅವುಗಳ ತುದಿ ಬ್ಯಾಟರಿಯಿಂದ ಒಂದು ಗೇಣು ದೂರವಿತ್ತು. ಇಷ್ಟನ್ನು ಆಣೆಯಿಟ್ಟು ಹೇಳಬಲ್ಲೆ. ಇದರಾಚೆಗೆ ನನಗೇನೂ ತಿಳಿಯದು.